ಪ್ಲಂಬರ್ ಸರಿ ಇಲ್ಲ ಎಂಬ ಸುಖದ ಸುಳ್ಳು

ಪುತ್ತೂರು, ಸುಳ್ಯ, ಕಡಬದ ಯಾವ ಮದುವೆ ಹಾಲಿಗೆ ಬೇಕಾದರೂ ಹೋಗಿ ಕುಳಿತುಕೊಳ್ಳಿ. ಅಡಿಕೆ ಧಾರಣೆ, ಎಲೆಚುಕ್ಕಿ, ಹಳದಿ ರೋಗ, ಮಂಗನ ಕಾಟ ಇಷ್ಟು ಮುಗಿದ ಮೇಲೆ ಮಾತು ಬಂದು ನಿಲ್ಲುವುದು ಕೆಲಸದವರ ಮೇಲೆ. ಹೊಸದಾಗಿ ಮನೆ ಕಟ್ಟಿಸಿದವರು ಪಂಕ್ತಿಯಲ್ಲಿ ಇಬ್ಬರಿದ್ದರಂತೂ ಪಾಯಸ ಬರುವ ಹೊತ್ತಿಗೆ ಪ್ಲಂಬರನ ತಿಥಿ ಮುಗಿದಿರುತ್ತದೆ. "ಈಗ ಒಳ್ಳೆ ಪ್ಲಂಬರ್ ಎಂಬವ ಇಲ್ಲವೇ ಇಲ್ಲ ಮಾರಾಯ್ರೆ. ಫೋನ್ ತೆಗೆಯುವುದಿಲ್ಲ, ಬಂದರೆ ಕೆಲಸ ಮುಗಿಸುವುದಿಲ್ಲ, ಮುಗಿಸಿದರೆ ಸೋರುತ್ತದೆ." ಸುತ್ತ ಕೂತವರೆಲ್ಲ ತಲೆಯಾಡಿಸುತ್ತಾರೆ. ಆ ತಲೆಯಾಟದ ಮೇಲೆಯೇ ನನ್ನ ತಕರಾರು.

ನಮ್ಮ ಮೂರು ತಾಲೂಕುಗಳಲ್ಲಿ ಸೋರುವ ಹೊಸ ಮನೆ ಪ್ಲಂಬರ್ ಕಾಲಿಡುವ ಮೊದಲೇ ಸೋರಲು ತಯಾರಾಗಿರುತ್ತದೆ. ತಯಾರು ಮಾಡಿದವರು ಮನೆಯ ಯಜಮಾನರು. ಯಾರನ್ನು ಕರೆದರು, ಯಾವಾಗ ಕರೆದರು, ಯಾವ ಲೆಕ್ಕದಲ್ಲಿ ಮಾತಾಡಿದರು, ಏನನ್ನು ಕೇಳಲೇ ಇಲ್ಲ ಎಂಬಲ್ಲಿ ಸೋರಿಕೆ ಶುರುವಾಗುತ್ತದೆ. ಆಮೇಲೆ ಬಂದವನ ತಲೆಗೆ ಕಟ್ಟುವುದು ಬಹಳ ಸುಲಭ. ಮದುವೆ ಪಂಕ್ತಿಯಲ್ಲಿ ಅವನು ಪಕ್ಕದಲ್ಲಿ ಕೂತಿರುವುದಿಲ್ಲ, ಕೂತಿದ್ದರೂ ಬಾಯಿ ತೆರೆಯುವುದಿಲ್ಲ.

ನಾವು ಮನೆ ಕಟ್ಟುವ ಕ್ರಮವನ್ನೇ ನೋಡಿ. ಮೊದಲು ವಾಸ್ತುವಿನವರು. ಕಾರು ಕಳಿಸಿ ಕರೆಸುತ್ತೇವೆ. ಅವರು ಬಾಗಿಲನ್ನು ಒಂದೂವರೆ ಅಡಿ ಈಚೆಗೆ ತನ್ನಿ ಎಂದರೆ ಕಟ್ಟಿದ ಗೋಡೆ ಕೆಡವುತ್ತೇವೆ. ಆಮೇಲೆ ನೀರು ನೋಡುವವರು. ಕವಲು ಕಡ್ಡಿಯನ್ನೋ ತೆಂಗಿನಕಾಯಿಯನ್ನೋ ಹಿಡಿದು ಗುಡ್ಡೆಯಲ್ಲಿ ನಾಲ್ಕು ಸುತ್ತು ಬಂದರೆ ಕೇಳಿದ ದಕ್ಷಿಣೆ. ಬೋರಿನಲ್ಲಿ ಬರೀ ಧೂಳು ಎದ್ದರೆ ಅದು ನಮ್ಮ ಯೋಗ, ಅವರ ತಪ್ಪಲ್ಲ. ವಯರಿಂಗಿಗೆ ಲೈಸೆನ್ಸ್ ಇರುವ ಗುತ್ತಿಗೆದಾರ, ಯಾಕೆಂದರೆ ಅವನ ಸಹಿ ಇಲ್ಲದೆ ಮೆಸ್ಕಾಂ ಕರೆಂಟು ಕೊಡುವುದಿಲ್ಲ. ಪ್ಲಂಬರ್? ಗೋಡೆ ಎದ್ದು, ಸ್ಲ್ಯಾಬ್ ಬಿದ್ದು, ಸಾರಣೆ ಅರ್ಧ ಆದಮೇಲೆ ಮೇಸ್ತ್ರಿ "ಪೈಪಿನವರು ಬರಲಿಲ್ಲವಾ?" ಎಂದು ಕೇಳಿದಾಗ ನೆನಪಾಗುವವನು ಅವನು. ಮನೆಗೆ ಐದು ನಳ್ಳಿ ಸಾಕೋ ಹದಿನೈದು ಬೇಕೋ, ಬಚ್ಚಲಿನ ನೀರು ಯಾವ ದಿಕ್ಕಿಗೆ ಇಳಿಯಬೇಕು, ಟ್ಯಾಂಕಿ ಎಲ್ಲಿ ಕೂರಬೇಕು, ಎಲ್ಲವನ್ನೂ ಅದಾಗಲೇ ಸಿಮೆಂಟು ತೀರ್ಮಾನಿಸಿ ಆಗಿರುತ್ತದೆ. ಅವನ ಪಾಲಿಗೆ ಉಳಿಯುವುದು ಗೋಡೆ ಕೊರೆಯುವ ಕೆಲಸ ಮಾತ್ರ.

ಅವನು ಬಂದ ದಿನ ನಾವು ಕೇಳುವ ಪ್ರಶ್ನೆಗಳು ಎರಡೇ. ಪಾಯಿಂಟಿಗೆ ಎಷ್ಟು? ಒಕ್ಕಲಿನ ಮೊದಲು ಮುಗಿಯುತ್ತದಾ? ಟ್ಯಾಂಕಿಯಿಂದ ಕೆಳಗಿನ ನಳ್ಳಿಗೆ ಎಷ್ಟು ಎತ್ತರ, ಬಿಸಿನೀರಿನ ಲೈನಿಗೆ ಯಾವ ಪೈಪು, ಟೈಲ್ಸ್ ಹಾಕುವ ಮೊದಲು ಟೆಸ್ಟ್ ಮಾಡುತ್ತಿಯಾ, ಮೊದಲು ಮಾಡಿದ ಮನೆಯೊಂದನ್ನು ತೋರಿಸುತ್ತಿಯಾ ಎಂದು ಕೇಳಿದ ಯಜಮಾನರನ್ನು ಯಾರಾದರೂ ಕಂಡಿದ್ದೀರಾ? ಹಟ್ಟಿಗೆ ದನ ತರುವಾಗ ಹಲ್ಲು, ಸುಳಿ, ಕೆಚ್ಚಲು ಎಲ್ಲ ನೋಡುವ ನಾವು ಲಕ್ಷಗಟ್ಟಲೆಯ ಮನೆಯ ನರನಾಡಿಯನ್ನು ಒಂದು ಫೋನಿನಲ್ಲಿ ಒಪ್ಪಿಸಿಬಿಡುತ್ತೇವೆ.

ಈ ಉಡಾಫೆಗೆ ಬೇರು ತೋಟದಲ್ಲಿದೆ. ಇಲ್ಲಿನ ಕೃಷಿಕರಿಗೆ ಪೈಪು ಗೊತ್ತಿಲ್ಲ ಎಂದು ಯಾರೂ ಹೇಳುವಂತಿಲ್ಲ. ಸ್ಪ್ರಿಂಕ್ಲರ್ ಲೈನನ್ನು ನಾವೇ ಎಳೆಯುತ್ತೇವೆ, ಒಡೆದಲ್ಲಿ ನಾವೇ ಕತ್ತರಿಸಿ ಜೋಡಿಸುತ್ತೇವೆ. ಹೈಸ್ಕೂಲ್ ಹುಡುಗನೂ ಗೇಟ್‌ವಾಲ್ವ್ ಬದಲಿಸಬಲ್ಲ. ಹಾಗಾಗಿ "ಪೈಪು ಜೋಡಿಸಲಿಕ್ಕೆ ಎಂತ ದೊಡ್ಡ ವಿದ್ಯೆ?" ಎಂಬ ಮಾತು ಸಲೀಸಾಗಿ ಬರುತ್ತದೆ. ತೋಟದಲ್ಲಿ ಈ ಮಾತು ನಡೆಯುತ್ತದೆ. ಅಲ್ಲಿ ಜಾಯಿಂಟ್ ಸೋರಿದರೆ ಒಂದು ಅಡಿಕೆ ಮರಕ್ಕೆ ಎರಡು ಕೊಡಪಾನ ನೀರು ಹೆಚ್ಚು ಸಿಕ್ಕಿತು, ಅಷ್ಟೆ. ಹಳೆಯ ಮನೆಗಳಲ್ಲೂ ನಡೆಯುತ್ತಿತ್ತು. ಬಚ್ಚಲು ಹೊರಗೆ, ಹಂಡೆಯಲ್ಲಿ ಬಿಸಿನೀರು, ಹರಿದ ನೀರು ಬಾಳೆಯ ಬುಡಕ್ಕೆ. ಈಗ ಮನೆ ಹಾಗಿದೆಯೇ? ಕೋಣೆಗೊಂದು ಬಾತ್‌ರೂಮು, ಮಹಡಿಯಲ್ಲಿ ಎರಡು, ತಾರಸಿಯಲ್ಲಿ ಸೋಲಾರ್, ಪೈಪೆಲ್ಲ ಗೋಡೆಯೊಳಗೆ, ಗೋಡೆಯ ಮೇಲೆ ಅಡಿಗೆ ಇಷ್ಟೆಂದು ಲೆಕ್ಕ ಹಾಕಿ ತಂದ ಟೈಲ್ಸ್. ಮನೆ ಇಷ್ಟು ಬದಲಾಯಿತು. ಪೈಪಿನ ಬಗ್ಗೆ ನಮ್ಮ ತಿಳಿವಳಿಕೆ ಮಾತ್ರ ತೋಟದಲ್ಲೇ ಕೂತಿದೆ.

ತೋಟಕ್ಕೆ ತಂದು ಉಳಿದ 4 ಕೆ.ಜಿ. ಪೈಪನ್ನು ಮನೆಗೆ ಹಾಕಿಸಿದವರಿದ್ದಾರೆ. ಉಳಿತಾಯ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವವರೂ ಇದ್ದಾರೆ. ಬಿಳಿ ಯುಪಿವಿಸಿ ಪೈಪು 45 ಡಿಗ್ರಿಯವರೆಗಿನ ನೀರಿಗೆ ಮಾಡಿದ್ದು. ಬಿಸಿಲಿನ ದಿನ ಸೋಲಾರಿನಿಂದ ಇಳಿಯುವ ನೀರು 60 ಡಿಗ್ರಿ ದಾಟುತ್ತದೆ. ಅದಕ್ಕೆ ಬೇಕಾದ್ದು 93 ಡಿಗ್ರಿ ತಾಳುವ ಸಿಪಿವಿಸಿ. ದರ ಹೆಚ್ಚು ಎಂದು "ನಾಲ್ಕು ಅಡಿಯಲ್ಲವಾ, ಬಿಳಿಯದೇ ಹಾಕು ಮಾರಾಯ, ಏನಾಗುವುದಿಲ್ಲ" ಎಂದು ಹೇಳಿದವರು ಯಾರು? ಮೂರು ಬೇಸಗೆ ಕಳೆದು ಆ ನಾಲ್ಕು ಅಡಿ ಮೆತ್ತಗಾಗಿ ಸೊಟ್ಟಗಾಗಿ ಜಾಯಿಂಟ್ ಕಳಚಿಕೊಂಡಾಗ ಅದೇ ಬಾಯಿ ಹೇಳುವುದು: ಪ್ಲಂಬರ್ ಸರಿ ಇಲ್ಲ.

ಎತ್ತರದ ಲೆಕ್ಕವಂತೂ ಇನ್ನೂ ತಮಾಷೆ. ನಮ್ಮದು ಗುಡ್ಡೆ ತಗ್ಗಿನ ಊರು. ಹಲವರು ಮೇಲಿನ ಗುಡ್ಡೆಯಲ್ಲಿ ಟ್ಯಾಂಕಿ ಕಟ್ಟಿ ಮನೆಗೂ ತೋಟಕ್ಕೂ ಒಂದೇ ಲೈನ್ ಇಳಿಸುತ್ತಾರೆ. ಹತ್ತು ಮೀಟರ್ ಎತ್ತರದ ನೀರು ಸುಮಾರು ಒಂದು ಕೆ.ಜಿ. ಒತ್ತಡ ಕೊಡುತ್ತದೆ. ಮನೆಯಿಂದ ಮೂವತ್ತು ಮೀಟರ್ ಮೇಲೆ ಟ್ಯಾಂಕಿ ಇದ್ದರೆ ರಾತ್ರಿ ಎಲ್ಲ ನಳ್ಳಿ ಮುಚ್ಚಿದಾಗ ಗೋಡೆಯೊಳಗಿನ ಪ್ರತಿ ಜಾಯಿಂಟಿನ ಮೇಲೂ ಮೂರು ಕೆ.ಜಿ. ಕೂತಿರುತ್ತದೆ. ಹಗಲು ನೀರು ಬಿಡುತ್ತಿರುವಾಗ ಏನೂ ಕಾಣುವುದಿಲ್ಲ. ಬೆಳಗ್ಗೆ ಎದ್ದು ನೋಡಿದರೆ ವಾಶ್‌ಬೇಸಿನ್ನಿನ ಅಡಿಯ ಅಗ್ಗದ ಕನೆಕ್ಷನ್ ಪೈಪು ಒಡೆದು ಚಾವಡಿಯಿಡೀ ನೀರು. ಇದಕ್ಕೆ ವಿರುದ್ಧ ತಾರಸಿಯ ಮನೆಗಳದ್ದು. ಟ್ಯಾಂಕಿ ಎತ್ತರಕ್ಕೆ ಏರಿಸಿದರೆ ಮನೆಯ ಚಂದ ಹಾಳು ಎಂದು ಸ್ಲ್ಯಾಬಿನ ಮೇಲೆ ಎರಡು ಸಾಲು ಕಲ್ಲಿಟ್ಟು ಕೂರಿಸುವುದು, ಮಹಡಿಯ ಶವರಿನಲ್ಲಿ ನೀರು ತೊಟ್ಟಿಕ್ಕುವಾಗ ಪ್ಲಂಬರನಿಗೆ ಫೋನು ಮಾಡಿ ಬೈಯುವುದು. ಪುಸ್ತಕದ ಭೌತಶಾಸ್ತ್ರದಲ್ಲಿ ಮಕ್ಕಳಿಗೆ ನೂರಕ್ಕೆ ತೊಂಬತ್ತೆಂಟು ಬರಬೇಕು; ತಾರಸಿಯ ಮೇಲಿನ ಭೌತಶಾಸ್ತ್ರ ಮಾತ್ರ ನಮ್ಮ ಚಂದದ ಮಾತು ಕೇಳಬೇಕು!

ಈಗ ಹಣದ ವಿಷಯ. ಪಾಯಿಂಟ್ ಲೆಕ್ಕ ಎಂಬುದು ನಾವೇ ಸಾಕಿದ ರೋಗ. ಒಂದು ನಳ್ಳಿಗೆ ಇಷ್ಟು, ಒಂದು ಕಮೋಡಿಗೆ ಇಷ್ಟು. ಮೂವರಿಗೆ ಫೋನು ಮಾಡಿ, ಒಬ್ಬನ ರೇಟನ್ನು ಇನ್ನೊಬ್ಬನಿಗೆ ಹೇಳಿ, ಎಲ್ಲರಿಗಿಂತ ಕಡಿಮೆ ಹೇಳಿದವನನ್ನು ಹಿಡಿಯುತ್ತೇವೆ. ಈ ಲೆಕ್ಕದಲ್ಲಿ ನಿಧಾನವಾಗಿ ಸರಿ ಮಾಡಿದವನಿಗೆ ನಷ್ಟ, ಬೇಗ ಮುಚ್ಚಿ ಹೋದವನಿಗೆ ಲಾಭ.

ಒಂದು ಜಾಯಿಂಟ್ ಹೇಗೆ ಆಗಬೇಕು ಎಂದು ಹತ್ತಿರ ನಿಂತು ನೋಡಿದವರು ನಮ್ಮಲ್ಲಿ ಎಷ್ಟು ಮಂದಿ? ಪೈಪನ್ನು ಓರೆಯಾಗದಂತೆ ನೇರ ಕತ್ತರಿಸಬೇಕು. ಬಾಯಿಯ ಒಳಗೂ ಹೊರಗೂ ಉಳಿದ ಸಿಬಿರನ್ನು ಕೆರೆದು ತೆಗೆಯಬೇಕು. ಒಣ ಬಟ್ಟೆಯಲ್ಲಿ ಒರೆಸಿ, ಪೈಪಿನ ಹೊರಮೈಗೂ ಫಿಟ್ಟಿಂಗಿನ ಒಳಮೈಗೂ ಸಾಲ್ವೆಂಟನ್ನು ಸಮವಾಗಿ ಹಚ್ಚಿ, ತುದಿ ಮುಟ್ಟುವವರೆಗೆ ತಳ್ಳಿ, ಕಾಲು ಸುತ್ತು ತಿರುಗಿಸಿ, ಅರ್ಧ ನಿಮಿಷ ಕೈ ಬಿಡದೆ ಒತ್ತಿ ಹಿಡಿಯಬೇಕು. ಬೇಗ ಬಿಟ್ಟರೆ ಪೈಪು ತಾನಾಗಿ ಒಂದಿಷ್ಟು ಹಿಂದೆ ಜಾರುತ್ತದೆ, ಕಣ್ಣಿಗೆ ಕಾಣುವುದೇ ಇಲ್ಲ. ಆಮೇಲೆ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ನೀರು ಬಿಡಬಾರದು. ಥಂಡಿ ಹಿಡಿದ ಮಳೆಗಾಲದಲ್ಲಿ ಇನ್ನೂ ಹೆಚ್ಚು ಹೊತ್ತು ಕಾಯಬೇಕು. ಒಂದು ಮನೆಯಲ್ಲಿ ಇಂಥ ನೂರಾರು ಜಾಯಿಂಟ್. ಪಾಯಿಂಟಿಗೆ ಇಂತಿಷ್ಟೆಂದು ಹಿಂಡಿ ಇಳಿಸಿದ ಮೇಲೆ ಯಾವ ಬಡಪಾಯಿ ಅರ್ಧ ನಿಮಿಷ ಒತ್ತಿ ಹಿಡಿದಾನು? ಅದರ ಮೇಲೆ ಯಜಮಾನರು ಹಿಂದೆ ನಿಂತು "ಆಯಿತಲ್ಲ, ಒಮ್ಮೆ ನೀರು ಬಿಡು ನೋಡುವ" ಎಂದು ಅವಸರ ಮಾಡುವುದು ಬೇರೆ.

ಕೂಲಿಯಲ್ಲಿ ಹಿಂಡಿದ್ದನ್ನು ಅವನು ಸಾಮಾನಿನಲ್ಲಿ ಹಿಂದೆ ಪಡೆಯುತ್ತಾನೆ. ಅಂಗಡಿಯ ಕಮಿಷನ್ ಎಂಬುದು ಎಲ್ಲರಿಗೂ ಗೊತ್ತಿರುವ, ಯಾರೂ ಬಾಯಿಬಿಟ್ಟು ಹೇಳದ ವ್ಯವಹಾರ. ಇದನ್ನು ಮೋಸ ಎಂದು ಕೂಗುವವರು ಒಂದಕ್ಕೆ ಉತ್ತರ ಹೇಳಲಿ: ಬದುಕುವಷ್ಟು ಸಂಬಳ ಕೇಳಿದಾಗ ಕೊಟ್ಟಿದ್ದಿರಾ? ವಾಸ್ತುವಿನವರ ಕವರಿನೊಳಗೆ ಎಷ್ಟಿದೆ ಎಂದು ಎಣಿಸಿ ಚೌಕಾಸಿ ಮಾಡಿದ್ದುಂಟಾ? ಕೂಲಿಯನ್ನು ಸರಿಯಾಗಿ ಕೊಟ್ಟು, ಯಾವ ಪೈಪು, ಯಾವ ಕ್ಲಾಸು, ಯಾವ ವಾಲ್ವು ಎಂದು ಚೀಟಿ ಬರೆಸಿ, ಸಾಮಾನನ್ನು ಐಎಸ್‌ಐ ಗುರುತು ನೋಡಿ ಯಜಮಾನರೇ ಬಿಲ್ ಮಾಡಿಸಿ ತಂದರೆ ಕಮಿಷನ್ನಿಗೆ ಜಾಗವೇ ಇಲ್ಲ. ಅಷ್ಟು ಮಾಡಲು ಪುರುಸೊತ್ತಿಲ್ಲದವರು ಕಮಿಷನ್ನಿನ ಬಗ್ಗೆ ಭಾಷಣ ಮಾಡುವುದು ಬೇಡ.

ಬಿಲ್ಲು ಎಂದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಹಣ ಕೊಟ್ಟು ಪಡೆದ ಸೇವೆಯ ಲೋಪಕ್ಕೂ ಅನ್ವಯಿಸುತ್ತದೆ. ಆದರೆ ಗ್ರಾಹಕ ಆಯೋಗದ ಎದುರು ಏನು ಹಿಡಿದುಕೊಂಡು ಹೋಗುವುದು? ಒಪ್ಪಂದ ಬಾಯಿಮಾತು, ಹಣ ಕೈಯಿಂದ ಕೈಗೆ, ಏನೇನು ಕೆಲಸ ಎಂಬುದಕ್ಕೆ ಅರ್ಧ ಹಾಳೆಯೂ ಇಲ್ಲ. ಕೆಲಸ ಮುಗಿಯುವ ಮೊದಲೇ ಹೆಚ್ಚಿನ ಹಣ ಮುಂಗಡ ಕೊಟ್ಟು, ಅವನು ಬೇರೆ ಮನೆಯ ಕೆಲಸ ಹಿಡಿದ ಮೇಲೆ ತಿಂಗಳುಗಟ್ಟಲೆ ಅವನ ಫೋನಿಗೆ ರಿಂಗು ಕೊಡುತ್ತಾ ಕೂರುವುದು ಯಾರು ಹೇಳಿಕೊಟ್ಟ ಬುದ್ಧಿ?

ಟೆಸ್ಟಿನ ವಿಷಯಕ್ಕೆ ಬಂದರೆ ಸಿಟ್ಟು ತಡೆಯುವುದು ಕಷ್ಟ. ಗೋಡೆ ಮುಚ್ಚುವ ಮೊದಲು ಲೈನಿನ ಬಾಯಿಗಳನ್ನೆಲ್ಲ ಕಟ್ಟಿ, ಕೈಪಂಪಿನಲ್ಲಿ ನೀರು ತುಂಬಿ, ದಿನನಿತ್ಯ ಬರುವ ಒತ್ತಡದ ಒಂದೂವರೆ ಪಟ್ಟು ಏರಿಸಿ, ಮುಳ್ಳು ಕೆಳಗಿಳಿಯುತ್ತದೋ ಎಂದು ಕಾದು ನೋಡಬೇಕು. ಪಂಪು ಬಾಡಿಗೆಗೆ ಸಿಗುತ್ತದೆ. ಅರ್ಧ ದಿನದ ಕೆಲಸ. ಆ ಅರ್ಧ ದಿನವನ್ನು ನಾವು ಕೊಡುವುದಿಲ್ಲ, ಯಾಕೆಂದರೆ ಟೈಲ್ಸಿನವರು ನಾಳೆ ಬರುತ್ತಾರೆ, ಒಕ್ಕಲಿನ ಕಾಗದ ಹಂಚಿ ಆಗಿದೆ. ಗೋಡೆಯೊಳಗೆ ಪೈಪು ಎಲ್ಲಿ ಹೋಗಿದೆ ಎಂಬ ನಕ್ಷೆಯೂ ಇಲ್ಲ. ಒಕ್ಕಲಿನ ದಿನ ಸಾವಿರ ಫೋಟೋ ತೆಗೆಯುವ ಮೊಬೈಲಿನಲ್ಲಿ ಟೈಲ್ಸ್ ಮುಚ್ಚುವ ಮೊದಲು ಪ್ರತಿ ಗೋಡೆಯದ್ದು ಒಂದೊಂದು ಫೋಟೋ ತೆಗೆಯಲು ಏನು ಖರ್ಚು? ಮುಂದೆ ನೀರಿನ ಫಿಲ್ಟರ್ ನೇತುಹಾಕಲು ಬಂದ ಹುಡುಗ ಡ್ರಿಲ್ಲನ್ನು ಸರಿಯಾಗಿ ಪೈಪಿನ ನಡುವಿಗೇ ಇಳಿಸಿದಾಗ ಬೈಗುಳ ಮಾತ್ರ ಮತ್ತೆ ಹಳೇ ಪ್ಲಂಬರನಿಗೆ.

ಶುದ್ಧ ನೀರಿನ ಕಥೆ ಇಷ್ಟಾದರೆ ಹೊಲಸು ನೀರಿನದ್ದು ಅಪಾಯದ ಕಥೆ. ನಮ್ಮದು ಮುರಕಲ್ಲಿನ ನೆಲ. ಮೇಲೆ ಬಂಡೆಯ ಹಾಗೆ ಕಂಡರೂ ಒಳಗೆಲ್ಲ ತೂತು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರಿ ಸುರಿಯುವ ಮಳೆ ಅದರೊಳಗೆ ಇಳಿದು ನಮ್ಮ ಬಾವಿಗೆ ಬರುತ್ತದೆ. ಹೊಲಸೂ ಅದೇ ದಾರಿಯಲ್ಲಿ ಬರುತ್ತದೆ. ಸೆಪ್ಟಿಕ್ ಟ್ಯಾಂಕಿನ ನೀರು ಇಂಗುವ ಗುಂಡಿ ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್, ಸುಮಾರು 60 ಅಡಿ, ದೂರ ಇರಬೇಕೆಂದು ಭಾರತೀಯ ಮಾನಕ ಐಎಸ್ 2470 ಹೇಳುತ್ತದೆ. ತೂತುಗಳ ಈ ನೆಲದಲ್ಲಿ ಅದಕ್ಕಿಂತ ಹೆಚ್ಚೇ ಬೇಕಾದೀತು. ಐದು ಸೆಂಟ್ಸಿನ ಸೈಟಿನಲ್ಲಿ ಬಾವಿಗೆ ಈಶಾನ್ಯ ಮೂಲೆ ಹುಡುಕುವ ನಾವು ಪಕ್ಕದ ಮನೆಯವರ ಗುಂಡಿ ನಮ್ಮ ಈಶಾನ್ಯಕ್ಕೆ ಎಷ್ಟು ಅಡಿ ಎಂದು ಟೇಪು ಹಿಡಿದದ್ದುಂಟಾ? ಆಟಿಯ ಮಳೆಗೆ ನೆಲದೊಳಗಿನ ನೀರು ಮೇಲೆ ಬಂದು ಗುಂಡಿ ತುಂಬಿ ಕಮೋಡಿನಲ್ಲಿ ನೀರು ಇಳಿಯದಾದಾಗ ಕರೆಯುವುದು ಯಾರನ್ನು? ಪ್ಲಂಬರನನ್ನೇ. "ಒಮ್ಮೆ ಮುಚ್ಚಳ ತೆಗೆದು ಸ್ವಲ್ಪ ಇಳಿದು ನೋಡು, ಕೈಖರ್ಚಿಗೆ ಕೊಡುವ."

ಈ ಒಂದು ಮಾತಿಗೆ ಜೈಲು ಉಂಟು ಎಂದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ರಕ್ಷಣೆಯ ಸಲಕರಣೆ ಇಲ್ಲದೆ ಮನುಷ್ಯನನ್ನು ಸೆಪ್ಟಿಕ್ ಟ್ಯಾಂಕಿನ ಶುಚಿಗೆ ಇಳಿಸುವುದನ್ನು 2013ರ ಮಲಹೊರುವ ಪದ್ಧತಿ ನಿಷೇಧ ಕಾಯ್ದೆ ಅಪರಾಧ ಎಂದು ಹೇಳುತ್ತದೆ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಸಜೆ, ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಹೀಗೆ ಇಳಿದವರು ಸತ್ತರೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟು 2023ರ ಅಕ್ಟೋಬರಿನಲ್ಲಿ ಹತ್ತು ಲಕ್ಷದಿಂದ ಮೂವತ್ತು ಲಕ್ಷಕ್ಕೆ ಏರಿಸಿತು. ಗುಂಡಿಯ ಗಾಳಿ ಎರಡು ಉಸಿರಿನಲ್ಲಿ ಪ್ರಜ್ಞೆ ತಪ್ಪಿಸುತ್ತದೆ, ಎತ್ತಲು ಇಳಿದವನನ್ನೂ ತೆಗೆದುಕೊಂಡು ಹೋಗುತ್ತದೆ. ಹೀರುವ ಯಂತ್ರದ ಲಾರಿಗೆ ಕೊಡುವ ಬಾಡಿಗೆ ಉಳಿಸಲು ಒಬ್ಬನ ಜೀವ ಪಣಕ್ಕಿಟ್ಟವರು ಅವನು ಫೋನ್ ತೆಗೆಯುವುದಿಲ್ಲ ಎಂದು ದೂರುವುದು ಯಾವ ನಾಚಿಕೆಯಿಂದ?

ಒಳ್ಳೆ ಪ್ಲಂಬರ್ ಇಲ್ಲ ಎಂಬ ಮಾತನ್ನು ಇನ್ನೊಂದು ಕಡೆಯಿಂದ ನೋಡೋಣ. ಇರುವುದಾದರೂ ಹೇಗೆ? ಐಟಿಐಯಲ್ಲಿ ಪ್ಲಂಬರ್ ಎಂಬ ಒಂದು ವರ್ಷದ ಕೋರ್ಸಿದೆ. ಮಗನನ್ನು ಅದಕ್ಕೆ ಸೇರಿಸಿದೆ ಎಂದು ನಮ್ಮ ಊರಿನ ಎಷ್ಟು ಅಪ್ಪಂದಿರು ಎದೆಯೆತ್ತಿ ಹೇಳಿದ್ದಾರೆ? ಪುತ್ತೂರು, ಸುಳ್ಯಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳುಂಟು, ಪಾಲಿಟೆಕ್ನಿಕ್‌ಗಳುಂಟು. ಅಲ್ಲಿಂದ ಹೊರಬಂದವನು ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ಎರಡು ವರ್ಷ ಕೆಲಸ ಹುಡುಕಿದರೂ ಮರ್ಯಾದೆ. ಊರಲ್ಲೇ ನಿಂತು ದಿನಕ್ಕೆ ಅವನಿಗಿಂತ ಹೆಚ್ಚು ದುಡಿಯುವ ಪ್ಲಂಬರನಿಗೆ ಹೆಣ್ಣು ಕೊಡುವವರಿಲ್ಲ. ಅದೇ ಹುಡುಗ ಮಸ್ಕತ್ತಿಗೋ ದುಬಾಯಿಗೋ ಹೋಗಿ ಅದೇ ಪೈಪು ಜೋಡಿಸಿದರೆ "ಗಲ್ಫಿನಲ್ಲಿದ್ದಾನೆ" ಎಂದು ಸಂಬಂಧ ಬರುತ್ತದೆ! ಜರ್ಮನಿಯಲ್ಲಿ ಈ ಕಸುಬನ್ನು ಮೂರೂವರೆ ವರ್ಷ ಕಲಿತು ಪರೀಕ್ಷೆ ಪಾಸಾಗಬೇಕು. ಸ್ವಂತ ವ್ಯವಹಾರ ನಡೆಸಲು ಅದರ ಮೇಲೆ ಇನ್ನೊಂದು ಪರೀಕ್ಷೆ. ನಮ್ಮಲ್ಲಿ ಒಬ್ಬನ ಹಿಂದೆ ಆರು ತಿಂಗಳು ಪೈಪು ಹೊತ್ತವನು ಏಳನೇ ತಿಂಗಳು ತಾನೇ ಪ್ಲಂಬರ್. ಅವನಿಗೆ ಕಲಿಸುವ ಏರ್ಪಾಡು ಮಾಡದೆ ಕಲಿತಿಲ್ಲ ಎಂದು ಬೈಯುವುದು ಎಂಥ ನ್ಯಾಯ?

1996ರ ಕಾಯ್ದೆಯ ಅಡಿಯಲ್ಲಿ ರಚನೆಯಾದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ರಾಜ್ಯದಲ್ಲಿದೆ. ಪ್ಲಂಬರ್ ಕೂಡ ಅದರಲ್ಲಿ ಹೆಸರು ಬರೆಸಬಹುದು. ವರ್ಷದಲ್ಲಿ 90 ದಿನ ದುಡಿದದ್ದಕ್ಕೆ ದೃಢೀಕರಣ ಬೇಕು. ಮನೆ ಕಟ್ಟಿಸಿದವರು ಒಂದು ಸಹಿ ಹಾಕಿದರೆ ಮುಗಿಯಿತು. "ನಾಳೆ ಎಲ್ಲಾದರೂ ಕೋರ್ಟು ಕಚೇರಿ ಆದರೆ?" ಎಂದು ಆ ಸಹಿಗೂ ಹಿಂದೆಮುಂದೆ ನೋಡುವವರನ್ನು ಕಂಡಿದ್ದೇನೆ.

ನೀರು ತರುವವರನ್ನು ಗೌರವಿಸುವುದು ನಮಗೆ ಬಾರದ ವಿದ್ಯೆಯೇನಲ್ಲ. ಪಕ್ಕದ ಬಂಟ್ವಾಳ ತಾಲೂಕಿನ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಗುಡ್ಡೆಗೆ ಸುರಂಗ ಕೊರೆದು ಪಂಪಿಲ್ಲದೆ ತೋಟಕ್ಕೆ ನೀರು ಹರಿಸಿದ್ದಕ್ಕೆ 2022ರಲ್ಲಿ ಪದ್ಮಶ್ರೀ ಬಂದಾಗ ಊರೆಲ್ಲ ಹಬ್ಬ ಮಾಡಿದೆವು. ಅಡಿಕೆ ದಂಬೆಯಲ್ಲಿ ಗುಡ್ಡೆಯಿಂದ ಅಂಗಳಕ್ಕೆ ನೀರು ಇಳಿಸಿದ ಅಜ್ಜಂದಿರ ಜಾಣ್ಮೆಯನ್ನು ಸಭೆಗಳಲ್ಲಿ ಹೊಗಳುತ್ತೇವೆ. ಅಡಿಕೆ ಕೊಯ್ಯಲು ಜನ ಇಲ್ಲ ಎಂದಾದಾಗ ಸುಮ್ಮನೆ ಗೊಣಗುತ್ತಾ ಕೂರಲಿಲ್ಲ. ವಿಟ್ಲದಲ್ಲಿ ಮರ ಏರುವ ತರಬೇತಿ ಶಿಬಿರ ನಡೆಯಿತು, ಕಲಿತು ಹೊರಬಂದ ಯುವಕರ ಫೋಟೋ ಪತ್ರಿಕೆಗಳಲ್ಲಿ ಬಂತು. ಅಡಿಕೆ ನಮಗೆ ಹಣ ತರುತ್ತದೆ, ಹಾಗಾಗಿ ಬುದ್ಧಿ ಓಡಿತು. ಬಚ್ಚಲಿನ ವಿಷಯದಲ್ಲಿ ಗೊಣಗಾಟವೇ ಸಾಕಾಯಿತು.

ಹಾಗಾದರೆ ಆಗಬೇಕಾದ್ದೇನು? ಜಲಜೀವನ ಮಿಷನ್ನಿನ ಹೆಸರಿನಲ್ಲಿ 2019ರಿಂದ ಮನೆಮನೆಗೆ ನಳ್ಳಿ ಕೊಡುತ್ತಿರುವ ವ್ಯವಸ್ಥೆ ತಲೆಗೆ ದಿನಕ್ಕೆ 55 ಲೀಟರಿನ ಲೆಕ್ಕ ಇಡುತ್ತದೆ. ಆ ನೀರು ಮನೆಯೊಳಗೆ ಹೋದಮೇಲೆ ಯಾವ ಪೈಪಿನಲ್ಲಿ ಎಲ್ಲಿಗೆ ಹರಿಯುತ್ತದೆ ಎಂದು ಯಾರೂ ಕೇಳುವುದಿಲ್ಲ. ಕೇಳಲಿ. ಮನೆಗೆ ಡೋರ್ ನಂಬರ್ ಕೊಡುವ ಮೊದಲು ಗ್ರಾಮ ಪಂಚಾಯತಿ ಎರಡು ಕಾಗದ ಕೇಳಲಿ: ಒತ್ತಡದ ಟೆಸ್ಟ್ ಆಗಿದೆ ಎಂದು ಪ್ಲಂಬರನೂ ಯಜಮಾನರೂ ಹಾಕಿದ ಸಹಿ, ಬಾವಿಗೂ ಇಂಗುಗುಂಡಿಗೂ ಇರುವ ದೂರದ ಅಳತೆ. ವಯರಿಂಗಿಗೆ ಸಹಿ ಕೇಳಿದಾಗ ಯಾರೂ ದಂಗೆ ಏಳಲಿಲ್ಲ, ಇದಕ್ಕೂ ಏಳುವುದಿಲ್ಲ. ಈ ಮೂರು ತಾಲೂಕುಗಳಲ್ಲಿ ಸಹಕಾರಿ ಸಂಘ ಇಲ್ಲದ ಊರು ಹುಡುಕುವುದೇ ಕಷ್ಟ. ಮನೆ ಸಾಲದ ಕೊನೆಯ ಕಂತನ್ನು ಅದೇ ಟೆಸ್ಟಿನ ಕಾಗದ ನೋಡಿ ಕೊಡುತ್ತೇವೆ ಎಂದು ಸಂಘಗಳು ಠರಾವು ಮಾಡಿದರೆ ಅರ್ಧ ದಿನದ ಪುರುಸೊತ್ತು ಎಲ್ಲರಿಗೂ ತಾನಾಗಿ ಸಿಗುತ್ತದೆ. ಈಗ ಕೆಲಸ ಮಾಡುತ್ತಿರುವವರಿಗೆ ಪಾಲಿಟೆಕ್ನಿಕ್‌ಗಳು ಮಳೆಗಾಲದ ಬಿಡುವಿನಲ್ಲಿ ತರಬೇತಿ ಕೊಟ್ಟು, ಪರೀಕ್ಷೆ ಮಾಡಿ, ಪ್ರಮಾಣಪತ್ರ ಕೊಡಲಿ. ಕಲಿತು ಬಂದವರ ಹೆಸರು ಪಂಚಾಯತಿಯ ಬೋರ್ಡಿನಲ್ಲಿ ಬರಲಿ.

ಮನೆ ಕಟ್ಟಿಸುವವರಿಗೆ ನನ್ನ ಬೇಡಿಕೆ ಇನ್ನೂ ಚಿಕ್ಕದು. ವಾಸ್ತುವಿನವರು ಬರುವ ದಿನವೇ ಪ್ಲಂಬರನನ್ನೂ ಕರೆಯಿರಿ. ಆ ದಿನದ ಸಂಬಳ ಕೊಡಿ, ಊಟ ಹಾಕಿ, ನಕ್ಷೆಯನ್ನು ಅವನ ಕೈಯಲ್ಲಿಡಿ. ಪಾಯಿಂಟ್ ಲೆಕ್ಕ ಬಿಟ್ಟು ಇಡೀ ಕೆಲಸಕ್ಕೆ ಮಾತಾಡಿ, ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ, ಕೊನೆಯ ಕಂತನ್ನು ಟೆಸ್ಟ್ ಆಗಿ ಒಂದು ಮಳೆಗಾಲ ಕಳೆಯುವವರೆಗೆ ಉಳಿಸಿಕೊಳ್ಳಿ. ಇಷ್ಟೂ ಮಾಡಿ ಆಮೇಲೆಯೂ ಮನೆ ಸೋರಿದರೆ ಪಂಕ್ತಿಯಲ್ಲಿ ಬೇಕಾದಷ್ಟು ಬೈಯಿರಿ, ತಲೆಯಾಡಿಸಲು ನಾನೂ ಬರುತ್ತೇನೆ. ಅಲ್ಲಿಯವರೆಗೆ ಪಾಯಸ ಉಂಡು ಬಾಯಿ ಮುಚ್ಚಿಕೊಳ್ಳಿ.